ಪಂಪಿನ ಮೇಲೆ ಬರೆದಿತ್ತು ಹದಿನೈದು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ಇಷ್ಟು: ಶುಕ್ರವಾರ ಮಧ್ಯಾಹ್ನ ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ತಂಪು ಕೈಕೊಟ್ಟಿದೆ, ಅದರಿಂದ ದೂರುದಾರನ ಹೆಂಡತಿಯ ಬಲಗಣ್ಣು ಹೋಗಿದೆ. ಹೆಂಡತಿ ಬಟ್ಟೆ ಹೊಲಿಯುವವಳು.

"ಡಾಕ್ಟರ್ ಹಣೆಯಿಂದ ಬೆವರು ಸುರೀತಿತ್ತಂತೆ ಸಾರ್. ಮೈಕ್ರೋಸ್ಕೋಪಿನ ಗಾಜು ಮಬ್ಬಾಯ್ತಂತೆ. ಆ ಹೊತ್ತಿಗೇ ಕೈ ತಪ್ಪಿತು," ಎಂದ ಗಂಡ. "ಸೂಜಿಗೆ ದಾರ ಪೋಣಿಸೋಕೂ ಈಗ ಅವಳಿಗೆ ನಾನು ಬೇಕು."

ನಿರ್ಲಕ್ಷ್ಯದಿಂದ ಗಾಯಪಡಿಸಿದ ಕಲಮಿನಡಿ ಇನ್‌ಸ್ಪೆಕ್ಟರ್ ಎಫ್ಐಆರ್ ದಾಖಲಿಸಿದರು. ಹಿಂದಿನ ಎರಡು ದಿನ ಬಂದೋಬಸ್ತಿನಲ್ಲಿ ನಿಂತು ಅವರ ಮಂಡಿ ಹಿಡಿದುಹೋಗಿತ್ತು. ಜೀಪು ಹತ್ತುವಾಗ 'ಅಯ್ಯಪ್ಪಾ' ಎಂದರು. ಜೊತೆಯಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ಹೆಂಗಸು ಕೇಳಿಸಿಕೊಂಡೂ ಕೇಳಿಸದ ಹಾಗೆ ಕೂತಳು.

ಆಸ್ಪತ್ರೆಯವರು ಆರೋಪಿಯನ್ನು ಸಿದ್ಧ ಮಾಡಿಟ್ಟುಕೊಂಡೇ ಕಾಯುತ್ತಿದ್ದರು. ನೆಲಮಾಳಿಗೆಯ ಯಂತ್ರದ ಕೋಣೆಯಲ್ಲಿ ನೀರು ತಣ್ಣಗೆ ಮಾಡುವ ದೊಡ್ಡ ಯಂತ್ರ, ಪಕ್ಕದಲ್ಲಿ ಅದನ್ನು ಕೊಳವೆಯಲ್ಲಿ ಥಿಯೇಟರಿಗೆ ನೂಕುವ ಪಂಪು. ಆ ನೀರು ಅಲ್ಲಿನ ಶಾಖ ಹೀರಿಕೊಂಡು ವಾಪಸ್ ಬರಬೇಕು, ಮತ್ತೆ ತಣ್ಣಗಾಗಿ ಹೋಗಬೇಕು. ಇದನ್ನು ನೋಡಿಕೊಳ್ಳುವ ಆಪರೇಟರಿಗೆ ಆಸ್ಪತ್ರೆಯೆಲ್ಲ ಸೇರಿ ಇಟ್ಟ ಹೆಸರು ಕುಂಭಕರ್ಣ.

"ಊಟ ಆದ್ಮೇಲೆ ಕಣ್ಣು ಮುಚ್ಚಿದ್ದು ನಿಜ ಸಾರ್," ಎಂದ ಕುಂಭಕರ್ಣ. "ಯಂತ್ರ ಓಡ್ತಿತ್ತೋ ನಿಂತಿತ್ತೋ ದೇವರಾಣೆಗೂ ಗೊತ್ತಿಲ್ಲ. ನಾನೇ ಇರಬೇಕು. ಬರ್ಕೊಳ್ಳಿ. ಮನೇಲಿ ದುಡಿಯೋನು ನಾನೊಬ್ಬನೇ, ಅದನ್ನೂ ಬರ್ಕೊಳ್ಳಿ."

"ಇವನ ನಿದ್ದೆ ಬಗ್ಗೆ ನಾನು ಎಷ್ಟು ಸಲ ಹೇಳಿದ್ದೀನೋ," ಎಂದು ನಿರ್ವಹಣೆಯ ಮೇಲ್ವಿಚಾರಕ ತಲೆ ಕೊಡವಿದ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ತಾನಾಗಿ ಒಪ್ಪಿಕೊಳ್ಳುವ ಆರೋಪಿ ಎಲ್ಲಿ ಸಿಗುತ್ತಾನೆ? ಇನ್‌ಸ್ಪೆಕ್ಟರ್ ಸುಮ್ಮನೆ ಸಹಿ ಹಾಕಿಸಿಕೊಂಡು ಮನೆಗೆ ಹೋಗಿ ಕಾಲು ಚಾಚಬಹುದಿತ್ತು. ಹೆಡ್ ಕಾನ್ಸ್‌ಟೇಬಲ್ ಬಿಡಬೇಕಲ್ಲ.

"ಸಾರ್, ಮಲಗಿದ್ದವನು ಯಂತ್ರ ಹೇಗೆ ನಿಲ್ಲಿಸ್ತಾನೆ?"

ಇನ್‌ಸ್ಪೆಕ್ಟರ್ ಅವಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಫೋನು ತೆಗೆದು ಹೊರಗಿನ ಎಂಜಿನಿಯರ್ ಒಬ್ಬರನ್ನು ಕರೆಸಿದರು.

ಮರುದಿನ ಬಂದ ಎಂಜಿನಿಯರ್ ಹೆಂಗಸಿನದು ಮಾತು ಕಡಿಮೆ. ಯಂತ್ರದ ನೆನಪಿನಲ್ಲಿದ್ದ ಶುಕ್ರವಾರದ ಉಷ್ಣತೆಯ ಗೆರೆ ನೋಡಿದಳು. ಕೊಳವೆಗೆ ಹೊರಗಿನಿಂದಲೇ ಒಂದು ಮೀಟರು ಕಟ್ಟಿ ನೀರಿನ ಹರಿವು ಅಳೆದಳು.

"ಯಂತ್ರ ಆವತ್ತು ನಿಂತೇ ಇಲ್ಲ. ನೀರು ಏಳು ಡಿಗ್ರಿಯಲ್ಲಿ ಹೋಗಿ ಹನ್ನೆರಡರಲ್ಲಿ ವಾಪಸ್ ಬಂದಿದೆ. ಐದು ಡಿಗ್ರಿ ವ್ಯತ್ಯಾಸ. ಹರಿವು ಸೆಕೆಂಡಿಗೆ ಹತ್ತು ಲೀಟರ್. ಒಂದು ಲೀಟರ್ ಒಂದು ಡಿಗ್ರಿ ಬಿಸಿಯಾಗೋಕೆ ಬೇಕಾದ ಶಾಖ ನಾಲ್ಕು ಪಾಯಿಂಟ್ ಎರಡು ಕಿಲೋಜೂಲ್. ಮೂರನ್ನೂ ಗುಣಿಸಿ. ಇನ್ನೂರ ಹತ್ತು ಕಿಲೋವ್ಯಾಟ್. ನಮ್ಮ ಭಾಷೆಯಲ್ಲಿ ಅರವತ್ತು ಟನ್ ತಂಪು."

"ತಂಪನ್ನೂ ತೂಕ ಹಾಕ್ತೀರಾ ಮೇಡಂ?" ಎಂದರು ಇನ್‌ಸ್ಪೆಕ್ಟರ್.

"ಹಾಕ್ತೀವಿ. ಥಿಯೇಟರಿಗೆ ಬೇಕಾದ್ದೂ ಸರಿಯಾಗಿ ಅರವತ್ತೇ. ಅಷ್ಟೂ ಅಲ್ಲಿಗೇ ಹೋಗಿದ್ರೆ ಡಾಕ್ಟರ್ ಬೆವರೋ ಮಾತೇ ಇರಲಿಲ್ಲ. ಬೇರೆಲ್ಲೋ ಹೋಗಿದೆ. ಕೊಳವೆ ಹಿಡ್ಕೊಂಡು ಹೋಗಿ."

ಹೋದರು. ಮಂಡಿ ಹಿಡಿದ ಮನುಷ್ಯ ಮೂರು ಮಹಡಿ ಮೆಟ್ಟಿಲು ಹತ್ತಿದ ಪಾಡು ಕೇಳಬೇಡಿ. ಎರಡನೇ ಮಹಡಿಯ ಮೂಲೆಯಲ್ಲಿ ಕೊಳವೆ ಕವಲೊಡೆದಿತ್ತು. ಕವಲಿಗೊಂದು ವಾಲ್ವು, ಯಾರೂ ತೆರೆಯದಂತೆ ಹಿಡಿ ಬಿಚ್ಚಿಟ್ಟಿದ್ದರು. ಅದರ ಕಡ್ಡಿಯ ಹಳೇ ಬಣ್ಣದ ಮೇಲೆ ಸ್ಪ್ಯಾನರಿನ ಹೊಸ ಗೀರು ಹೊಳೆಯುತ್ತಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದಾಯಿತು. ಕವಲು ಹೋಗಿದ್ದು ಮೇಲಿನ ಜನರಲ್ ವಾರ್ಡಿಗೆ. ಥಿಯೇಟರು ದೊಡ್ಡದಾದಾಗ ಆ ವಾರ್ಡಿನ ತಂಪು ನಿಲ್ಲಿಸಿದ್ದರಂತೆ. ತಗಡಿನ ಮಾಡು ಕಾದು, ಒಳಗೆ ನಿಂತವರ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು.

"ಶುಕ್ರವಾರ ಮಧ್ಯಾಹ್ನ ಒಂದಿಷ್ಟು ಹೊತ್ತು ತಣ್ಣಗಿತ್ತಪ್ಪ," ಎಂದಳು ಆಯಾ. "ಯಾವ ಪುಣ್ಯಾತ್ಮ ಮಾಡಿದನೋ."

"ಇಲ್ಲಿ ಕೆಲಸದವರ ಕಡೆಯವರು ಯಾರಾದರೂ ಇದ್ದಾರಾ?"

"ಕಿಟಕಿ ಹತ್ರ ಮಲಗಿದ್ದಾರಲ್ಲ, ಮೇಲ್ವಿಚಾರಕರ ಅಕ್ಕ. ತಾಯಿ ಸತ್ತ ಮೇಲೆ ಇವರೇ ಅಂತೆ ಸಾಕಿದ್ದು."

ಮೂರೂವರೆಗೆ ಮೇಲ್ವಿಚಾರಕನನ್ನು ಯಂತ್ರದ ಕೋಣೆಗೆ ಕರೆಸಿದರು. ಸ್ಪ್ಯಾನರಿನ ಗೀರಿನ ವಿಷಯ ಹೇಳಿದ ಮೇಲೆ ಅವನು ಹೆಚ್ಚು ಎಳೆದಾಡಲಿಲ್ಲ.

"ವಾಲ್ವು ತೆಗೆದಿದ್ದು ನಾನೇ. ಸಂಜೆ ಹಾಕಿದ್ದೂ ನಾನೇ. ಆದ್ರೆ ಅದರಿಂದ ಥಿಯೇಟರಿಗೆ ಏನೂ ಆಗಿಲ್ಲ ಸಾರ್. ಲೆಕ್ಕ ಹಾಕಿಯೇ ತೆಗೆದೆ. ಥಿಯೇಟರಿಗೆ ಹತ್ತು ಲೀಟರ್ ಸಾಕು. ಉಳಿದ ಐದು ಸುಮ್ಮನೆ ಸುತ್ತುತ್ತೆ, ಅದನ್ನ ಮೇಲಕ್ಕೆ ಬಿಟ್ಟೆ."

"ಪಂಪು ಎಷ್ಟು ಕೊಡುತ್ತೆ?"

"ಹದಿನೈದು. ಅದರ ಮೇಲೇ ಬರೆದಿದೆ, ನೋಡಿ."

ಪಂಪಿನ ತಗಡಿನ ಮೇಲೆ ಹದಿನೈದು ಎಂದೇ ಬರೆದಿತ್ತು. ಇನ್‌ಸ್ಪೆಕ್ಟರ್ ಎಂಜಿನಿಯರ್ ಕಡೆ ನೋಡಿದರು. ಅವಳು ಮೀಟರನ್ನು ಅವನ ಕಡೆ ತಿರುಗಿಸಿದಳು.

"ಅದು ಪಂಪು ಹೊಸದಿದ್ದಾಗಿನ ಮಾತು. ನೀರು ಸೋಸೋ ಜಾಲರಿ ತುಂಬ ಕಸ ಕಟ್ಟಿದೆ. ಈಗ ಬರೋದೇ ಹತ್ತು."

"ಹತ್ತಾ?"

ಕೇಳಿದ್ದು ಅಷ್ಟೇ. ಮೇಲ್ವಿಚಾರಕ ಪಂಪಿನ ಕಟ್ಟೆಯ ಮೇಲೇ ಕುಸಿದು ಕೂತ. ಜಾಲರಿ ತೊಳೆಸಬೇಕಾದವನು ಅವನೇ. ಅರ್ಧ ನೀರು ಮೇಲಕ್ಕೆ ಹೋಗಿ ಥಿಯೇಟರಿಗೆ ಉಳಿದದ್ದು ಇನ್ನರ್ಧ, ಮೂವತ್ತು ಟನ್. ಲೆಕ್ಕ ಬಲ್ಲವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕುಂಭಕರ್ಣನೇ ಎಡವಟ್ಟು ಮಾಡಿದ್ದಾನೆ ಅಂತ ನಂಬಿದ್ದೆ ಸಾರ್," ಎಂದ.

"ನಂಬಿದ್ರಾ, ನಂಬ್ಕೊಂಡ್ರಾ?"

ಬಾಗಿಲಲ್ಲಿ ನಿಂತಿದ್ದ ಕುಂಭಕರ್ಣ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟ. ನಾಲ್ಕು ದಿನದಿಂದ ಆ ಮನುಷ್ಯ ಒಬ್ಬ ಹೆಂಗಸಿನ ಕಣ್ಣು ತೆಗೆದವನು ತಾನೇ ಎಂದುಕೊಂಡು ಅನ್ನ ಬಿಟ್ಟಿದ್ದ. ಇನ್‌ಸ್ಪೆಕ್ಟರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಬಂಧನದ ಕಾಗದಕ್ಕೆ ಸಹಿ ಹಾಕಿದ ಮೇಲೆ ಮೇಲ್ವಿಚಾರಕ ಒಂದೇ ಒಂದು ಬೇಡಿಕೆ ಇಟ್ಟ, ಅಕ್ಕನಿಗೆ ಹೇಳಿ ಹೋಗಬೇಕು. ಇನ್‌ಸ್ಪೆಕ್ಟರ್ ಮತ್ತೆ ಮೂರು ಮಹಡಿ ಹತ್ತಿದರು. ಅಕ್ಕನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ತಮ್ಮನ ಕೈ ಮುಟ್ಟಿಯೇ ಗುರುತು ಹಿಡಿದಳು.

"ಬಂದ್ಯಾ? ಜೊತೆಗ್ಯಾರೋ?"

"ಕೆಲಸದವರು ಅಕ್ಕ. ಸ್ವಲ್ಪ ದಿನ ಹೊರಗಡೆ ಹೋಗ್ಬೇಕು."

"ಹೋಗು, ನನಗೇನು. ಈ ಸೆಕೆ ಒಂದೇ ಪ್ರಾಣ ತಿನ್ನುತ್ತೆ. ಹೋಗೋ ಮುಂಚೆ ಆವತ್ತಿನ ಹಾಗೆ ಒಂಚೂರು ತಣ್ಣಗೆ ಮಾಡಿಸಿ ಹೋಗೋ ಮರಿ."

"ಇಲ್ಲಿಗೆ ಅದು ಬರಲ್ಲ ಅಕ್ಕ."

"ಮತ್ತೆ ಆವತ್ತು ಬಂದಿತ್ತಲ್ಲೋ?"

ಅವನು ಅವಳ ಅಂಗೈಯನ್ನು ತನ್ನ ಹಣೆಗೆ ಒತ್ತಿಕೊಂಡ.

"ಆವತ್ತು ನನ್ನ ಲೆಕ್ಕ ತಪ್ಪಿತ್ತು ಅಕ್ಕ."