ಗ್ಲಾಸಿನ ಒರಟು ಮೈ

ತೊಂಬತ್ತೆಂಟರಲ್ಲಿ ಸದಾಶಿವನಗರದ ಹೊಸ ಮನೆಯೊಂದರ ಬಚ್ಚಲು ಬಾಗಿಲಿಗೆ ನಾನೇ ಹೂವಿನ ಡಿಸೈನ್ ಗ್ಲಾಸ್ ಕೂರಿಸಿದ್ದೆ. ಅದರ ಒಂದು ಮೈ ನುಣುಪು, ಇನ್ನೊಂದು ಒರಟು. ಒರಟು ಮೈ ಒದ್ದೆಯಾದರೆ ಆಚೆಯದೆಲ್ಲ ಕಾಣುತ್ತೆ, ಅದಕ್ಕೇ ಅದನ್ನು ಹೊರಕ್ಕಿಡಬೇಕು. ನಾನು ತಪ್ಪಿ ಒಳಕ್ಕಿಟ್ಟಿದ್ದೆ.

ಮಧ್ಯಾಹ್ನ ಮನೆಯೊಡತಿ ಶಾಂತಲಾ ಕರೆಸಿದರು. ಗ್ಲಾಸಿನ ಒಳಮೈಯಲ್ಲಿ ಒದ್ದೆ ಕೈಯ ಗುರುತು, ನಾಲ್ಕೇ ಬೆರಳು. ಅಷ್ಟಗಲ ಮಾತ್ರ ಆಚೆಯ ಗೋಡೆ ಕಾಣುತ್ತಿತ್ತು. ನಲ್ಲಿಗಿನ್ನೂ ನೀರು ಬಂದಿರಲಿಲ್ಲ. ಚಿಲಕ ಹೊರಗಿನಿಂದ ಹಾಕಿತ್ತು.

"ನಮ್ಮತ್ತೆಗೂ ನಾಲ್ಕೇ ಬೆರಳು ಕಣಪ್ಪ," ಅಂದರು. "ಹಳೇ ಮನೆ ಬಚ್ಚಲಲ್ಲೇ ಹೋದ್ರು. ಬಾಗ್ಲು ಬಡೀತಾನೇ ಇದ್ರು. ನಾನು ತೆಗೀಲಿಲ್ಲ."

ನಾನು ಗ್ಲಾಸ್ ಬಿಚ್ಚಿ, ಒರೆಸಿ, ಒರಟು ಮೈ ಹೊರಕ್ಕೆ ತಿರುಗಿಸಿ ಕೂರಿಸಿ ಬಂದೆ.

ಮಾರನೆಯ ದಿನ ಆಯಮ್ಮ ಮತ್ತೆ ಕರೆಸಿದರು. ಕೈಯ ಗುರುತು ಈಗ ಹೊರಗಡೆಯಿತ್ತು. ಚಿಲಕ ತೆಗೆದಿತ್ತು, ಅದೂ ಒದ್ದೆಯಾಗಿತ್ತು.