ಐಸ್ ನೌಪಾಡಾಕ್ಕೆ ಹೋಯಿತು

ಬಾಲಪ್ಪನ ಬಾಯಲ್ಲಿ ಬೀಡಿ. ಕೈಯಲ್ಲಿ ಬೆಂಕಿಪೊಟ್ಟಣ!

"ಗೀರಬೇಡ!" ಹೊರಗಿನಿಂದ ಕಿಟಕಿಯ ಸರಳು ಹಿಡಿದು ಕೂಗಿದೆ.

"ವಾಸ್ನಿ ಪೂರಾ ಹೋಗ್ಯಾದ್ರೀ ಅಕ್ಕಾ... ಇನ್ಯಾಕ ಅಂಜಿಕಿ?"

"ವಾಸನೆ ಅಲ್ಲೇ ಇದೆ ತಮ್ಮಾ. ನಿನ್ನ ಮೂಗು ಸತ್ತಿದೆ!"

ಅವನು ಯೋಚಿಸಿದ. ಕಡ್ಡಿ ಮಾತ್ರ ಕೈಯಲ್ಲೇ ಇತ್ತು.

೧೯೮೩ರ ಮೇ ತಿಂಗಳು. ಡೊಂಬಿವಲಿಯ ಒಂದು ಕೆಮಿಕಲ್ ಶೆಡ್. ಬಾಲಪ್ಪ ಅಲ್ಲಿಯ ಕೂಲಿ. ನಾನು ಠಾಣೆ ಪಟ್ಟಣದ ಆಫೀಸಿನಿಂದ ಇನ್ಶೂರೆನ್ಸ್ ತನಿಖೆಗೆ ಬಂದವಳು.

ಒಳಗಿದ್ದದ್ದು ಎಥೈಲ್ ಮರ್ಕ್ಯಾಪ್ಟನ್. ಸೋರಿದರೆ ಗೊತ್ತಾಗಲೆಂದು ಅಡುಗೆ ಗ್ಯಾಸಿಗೆ ಚೂರು ಬೆರೆಸುತ್ತಾರಲ್ಲ, ಅದೇ ನಾತ. ಸೋಡಿಯಂ ಹೈಡ್ರೋಸಲ್ಫೈಡ್ ದ್ರಾವಣಕ್ಕೆ ಎಥೈಲ್ ಕ್ಲೋರೈಡ್ ಸೇರಿಸಿ, ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಿದರೆ ಸಿಗುತ್ತದೆ. ಜೊತೆಗೆ ಉಪ್ಪು ಉಳಿಯುತ್ತದೆ. ಸಾರಿಗೆ ಹಾಕುವ ಉಪ್ಪೇ.

ಮೂವತ್ತೈದು ಡಿಗ್ರಿಗೆ ಕುದಿಯುತ್ತದೆ. ಅಂದು ನೆರಳಲ್ಲೇ ಮೂವತ್ತೆಂಟು! ಡ್ರಮ್ಮಿನ ಮುಚ್ಚಳ ಬುಸುಗುಡುತ್ತಿತ್ತು. ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಡಿಕೊಂಡು ಕಿಡಿಗಾಗಿ ಕಾಯುತ್ತದೆ.

ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದಕೈ ನನ್ನ ಪಕ್ಕದಲ್ಲೇ ನಿಂತಿದ್ದ ಮಾಲೀಕ ಲೀಲಾಧರನ ಬಳಿ.

"ಕೊಡಿ."

"ತೆರೆದ್ರೆ ಊರಿಡೀ ನಾರ್ತದೆ ಮಾರಾಯ್ರೆ! ಪೊಲೀಸರು ಬರ್ತಾರೆ!"

"ಒಳಗೆ ಮನುಷ್ಯನಿದ್ದಾನೆ."

"ಅವ ಸ್ಟ್ರಾಂಗ್ ಉಂಟು."

ನನ್ನ ಮೊಣಕೈ ಅವನ ಹೊಟ್ಟೆಗೆ ಹೋಯಿತು. ಬೀಗದಕೈ ನನ್ನ ಕೈಗೆ ಬಂತು.

ಬಾಗಿಲು ತೆರೆದೆ. ಬಾಲಪ್ಪನ ಕಣ್ಣು ಮೇಲಾಗಿತ್ತು. ಕಡ್ಡಿ ಪೊಟ್ಟಣಕ್ಕೆ ತಾಗಿತ್ತು... ಗೀರುವ ಮೊದಲೇ ಮೊಣಕಾಲು ಮಡಚಿ ಬಿದ್ದ. ಕಂಕುಳಿಗೆ ಕೈಹಾಕಿ ಹೊರಗೆಳೆದೆ. ಮುಖಕ್ಕೆ ನೀರು ಚಿಮುಕಿಸಿದೆ. ಕೆಮ್ಮಿದ. ಬದುಕಿದ್ದ!

ಶೆಡ್ಡಿನಲ್ಲೇ ಇದ್ದ ಕಾಸ್ಟಿಕ್ ಸೋಡಾ ನೀರನ್ನು ಒಳಗೆ ನೆಲಕ್ಕೆ ಸುರಿದೆ. ಅದು ಮರ್ಕ್ಯಾಪ್ಟನ್ನನ್ನು ಹಿಡಿದಿಡುತ್ತದೆ.

"ಡ್ರಮ್ ತಣ್ಣಗಿಡುವ ಐಸ್ ಎಲ್ಲಿ?"

ಲೀಲಾಧರ ಹೊಟ್ಟೆ ಹಿಡಿದುಕೊಂಡೇ ಹೇಳಿದ. "ನೌಪಾಡಾದಲ್ಲಿ... ನಮ್ಮ ಹೋಟ್ಲಲ್ಲಿ. ಈ ಸೆಕೆಗೆ ಗಿರಾಕಿಗಳಿಗೆ ಲಸ್ಸಿ ತಣ್ಣಗೆ ಬೇಡ್ವಾ?"

"ಲಸ್ಸಿ ತನ್ನಷ್ಟಕ್ಕೆ ಕುದಿಯುವುದಿಲ್ಲ ಲೀಲಾಧರರೇ."

ಅವನನ್ನು ಪೊಲೀಸರಿಗೆ ಬಿಟ್ಟೆ. ಬಾಲಪ್ಪನನ್ನು ಠಾಣೆಯ ಆಸ್ಪತ್ರೆಗೆ ಸಾಗಿಸಬೇಕು. ಆದರೆ ನಾತ ನಮ್ಮ ಬಟ್ಟೆಗೇ ಹತ್ತಿತ್ತು. ರಿಕ್ಷಾದವರು ಮೂಗು ಮುಚ್ಚಿಕೊಂಡು ಓಡಿದರು. ಉಳಿದದ್ದು ಲೋಕಲ್ ರೈಲು.

ಸಂಜೆಯ ರಶ್. ಕಾಲಿಡಲು ಜಾಗವಿಲ್ಲ. ಅವನನ್ನು ಹೆಗಲಿಗೆ ಆನಿಸಿಕೊಂಡು ನುಗ್ಗಿದೆ.

"ಗ್ಯಾಸ್ ಲೀಕ್ ಹೈ ರೇ... ಉತರೋ!" ಯಾರೋ ಪ್ರಯಾಣಿಕ ಕಿರುಚಿದ.

ದಿವಾ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿದು ಡಬ್ಬಿ ಪೂರ್ತಿ ಖಾಲಿ!

ಬಾಲಪ್ಪ ಬೆಂಚಿನ ಮೇಲೆ ಕಾಲು ಚಾಚಿದ. ನಿಧಾನವಾಗಿ ಕಣ್ಣು ತೆರೆದ.

"ಅಕ್ಕಾ... ಮುಂಬೈಗಿ ಬಂದಾಗಿಂದ ಖಿಡಕಿ ಸೀಟ್ ಸಿಕ್ಕಿದ್ದು ಇವತ್ತೇ ನೋಡ್ರಿ."