ಮೂರು ಸಲ ಕೇಳಿದ ಮೇಲೆ

"ಮಾವಾ, ಬೇಡ! ಗರಗಸ ಇಡಬೇಡಿ!"

ಮೋಡ ಎಂಬ ಹುಡುಗಿ ಓಡಿ ಬಂದು ಮರವನ್ನು ತಬ್ಬಿಕೊಂಡಳು. ಅವಳ ಎರಡು ತೋಳು ಮರದ ಕಾಲುಭಾಗಕ್ಕೂ ಸಾಲಲಿಲ್ಲ.

"ಇದೇನೇ ಹೊಸ ನಾಟಕ?" ಎಂದರು ಬಡಗಿ ಮಾವ. "ಬಿಳಿ ಪಟ್ಟಿ ಕಾಣಲ್ವಾ? ನಿಮ್ಮ ಕ್ಲಾಸಿಗೇ ಬೆಂಚು ಮಾಡೋಕೆ ಕಡೀತಿರೋದು!"

ಕಾಣದೇ ಏನು! ಆ ಕಾಡನ್ನು ಊರವರೇ ನೋಡಿಕೊಳ್ಳುತ್ತಿದ್ದರು. ಒಂದು ಮರ ಕಡಿಯಬೇಕಾದರೂ ಊರೆಲ್ಲ ಅದರ ಸುತ್ತ ನಿಲ್ಲಬೇಕು. "ಯಾರಿಗಾದ್ರೂ ಬೇಡ ಅನ್ಸುತ್ತಾ?" ಎಂದು ಕಮಿಟಿಯ ಅಧ್ಯಕ್ಷೆಯಾದ ಅತ್ತೆ ಮೂರು ಸಲ ಕೂಗಿ ಕೇಳಬೇಕು. ಯಾರೂ ಬಾಯಿ ಬಿಡದಿದ್ದರೆ ಮಾತ್ರ ಬಿಳಿ ಪೇಂಟಿನ ಪಟ್ಟಿ.

ಮೊನ್ನೆ ಅತ್ತೆ ಕೇಳಿದಾಗ ಮೋಡ ಕೂಡ ಅಲ್ಲೇ ಇದ್ದಳು. ಮೊದಲ ಕೂಗು ಕೇಳಿಸಲೇ ಇಲ್ಲ. ಯಾವಾಗ ನೋಡಿದರೂ ತೇಲುತ್ತಿರುತ್ತಾಳೆ ಅಂತಲೇ ಅವಳಿಗೆ ಮೋಡ ಎಂಬ ಹೆಸರು ಬಿದ್ದಿತ್ತು. ಎರಡನೆಯದು ಕೇಳಿಸಿತು. ಮೂರನೆಯದಕ್ಕೆ ತುಟಿ ಬಿಗಿಹಿಡಿದಳು. ಬಾಯಿ ಬಿಟ್ಟರೆ ಗುಟ್ಟೂ ಹೊರಬೀಳುತ್ತಿತ್ತು. ಬೇರೆ ಯಾರಾದರೂ ಬೇಡ ಅಂದೇ ಅನ್ನುತ್ತಾರೆ ಎಂದುಕೊಂಡಿದ್ದಳು. ಯಾರೂ ಅನ್ನಲಿಲ್ಲ.

"ಮೇಲೆ ಪೊಟರೆಯೊಳಗೆ ಮಂಗಟ್ಟೆ ಹಕ್ಕಿ ಇದೆ ಮಾವ. ಅಮ್ಮ ಹಕ್ಕಿ. ಬಾಗಿಲಿಗೆ ಮಣ್ಣು ಮೆತ್ಕೊಂಡು ಒಳಗೇ ಮೊಟ್ಟೆ ಮೇಲೆ ಕೂತಿದೆ. ಅಪ್ಪ ಹಕ್ಕಿ ತಂದ್ಕೊಟ್ಟ ಹಣ್ಣೇ ಅದಕ್ಕೆ ಊಟ."

ಮಾವ ಕತ್ತೆತ್ತಿ ನೋಡಿದರು. ಎಲೆ ಬಿಟ್ಟರೆ ಏನೂ ಕಾಣಲಿಲ್ಲ. "ಪಟ್ಟಿ ಬಿದ್ದ ಮೇಲೆ ನಾನೊಬ್ಬನೇ ಬಿಡೋ ಹಾಗಿಲ್ಲ ಮಗಾ. ಎಲ್ಲರನ್ನೂ ಕರೀಬೇಕು" ಎಂದು ಜೋರಾಗಿ ಸಿಳ್ಳೆ ಹೊಡೆದರು.

ಒಬ್ಬೊಬ್ಬರಾಗಿ ಜನ ಸೇರಿದರು. ಅತ್ತೆ ಏದುಸಿರು ಬಿಡುತ್ತಾ ಬಂದು ಹಕ್ಕಿಯ ವಿಷಯ ಕೇಳಿದರು. "ಆವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

ಮೋಡಳಿಗೆ ಅಳು ಬಂತು. "ಹೇಳಿದ್ರೆ ಎಲ್ಲರೂ ಬರ್ತಾರೆ ಅಂತ... ಹಕ್ಕಿ ನಂದೊಬ್ಬಳದೇ ಅನ್ಕೊಂಡಿದ್ದೆ ಅತ್ತೆ."

ಯಾರೂ ಬೈಯಲಿಲ್ಲ. "ಸರಿ, ನೋಡೋಣ" ಎಂದು ಅತ್ತೆ ನೆಲದ ಮೇಲೇ ಕೂತರು. ಊರೂ ಕೂತಿತು.

ಎಲೆಗಳ ನಡುವೆ ಬಿಸಿಲು ಮೆಲ್ಲಗೆ ಜಾರುತ್ತಿತ್ತು. ಹಸಿರು ಬೆಳಕು ಎಲ್ಲರ ಮುಖದ ಮೇಲೂ ತೂಗಾಡುತ್ತಿತ್ತು. ಯಾರದೋ ಪಾಪು ತೊಡೆಯ ಮೇಲೆ ನಿದ್ದೆ ಹೋಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಮೋಡ ಮಾತ್ರ ಮೇಲಿನ ಕೊಂಬೆಗಳಿಂದ ಕಣ್ಣು ಕೀಳಲಿಲ್ಲ. ಅಪ್ಪ ಹಕ್ಕಿ ಇವತ್ತು ಬರದೇ ಹೋದರೆ?

ಆಗ, ಒಗೆದ ಚಾದರ ಕೊಡವಿದಂಥ ಸದ್ದು! ದೊಡ್ಡ ಹಳದಿ ಕೊಕ್ಕಿನ ಹಕ್ಕಿ ಬಂದು ಕಾಂಡಕ್ಕೆ ಆತುಕೊಂಡಿತು. ಬೆರಳಗಲದ ಸಂದಿಯಿಂದ ಇನ್ನೊಂದು ಕೊಕ್ಕು ಹೊರಬಂತು. ಒಂದೊಂದೇ ಹಣ್ಣು ಒಳಗೆ ಹೋಯಿತು.

ಹಕ್ಕಿ ಹಾರಿಹೋಯಿತು. ಅತ್ತೆ ಎದ್ದು ಹಸಿಮಣ್ಣು ತೆಗೆದುಕೊಂಡು ಬಿಳಿ ಪಟ್ಟಿಯ ಮೇಲೆ ಮೆತ್ತಿದರು. ಉಳಿದವರೂ ಒಂದೊಂದು ಹಿಡಿ ಮೆತ್ತಿದರು.

"ಬೆಂಚಿಗೆ ಬೇರೆ ಮರ ಹುಡುಕಬೇಕು. ಅಲ್ಲೀವರೆಗೂ ನೆಲವೇ ಗತಿ ಕಣೇ" ಎಂದರು ಮಾವ.

"ಕೂತ್ಕೋತೀನಿ ಮಾವ."

"ಅಲ್ಲಾ, ನಂಗೆ ಬರೀ ಬಾಲ ಕಾಣಿಸ್ತು. ಇನ್ನೊಂದು ಸಲ ಬರುತ್ತಾ?" ಮಾವ ಪಿಸುಗುಟ್ಟಿದರು.

ಆ ಸಂದಿ ಪೂರ್ತಿ ಕಾಣುವ ಜಾಗ ಒಂದೇ ಒಂದು. ಅದು ಮೋಡಳಿಗೆ ಮಾತ್ರ ಗೊತ್ತಿತ್ತು. ಅದನ್ನೂ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆದರೂ ಮಾವನ ಕೈ ಹಿಡಿದು ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸಿದಳು.

"ಬರುತ್ತೆ ಮಾವ. ಅಲ್ಲಾಡಬೇಡಿ" ಎಂದಳು.